ಬರೆಯದೆ ಬಿಟ್ಟ ಕಿಟಕಿ

ಮೇಜಿನ ಯಾವ ಕಡೆ ಕೂರಬೇಕು ಎಂಬುದು ಇಷ್ಟು ದೊಡ್ಡ ಪ್ರಶ್ನೆಯಾಗಿ ಎದೆಯ ಮೇಲೆ ಕೂತೀತೆಂದು ಅವನು ಎಣಿಸಿರಲಿಲ್ಲ. ಎಡಗೆನ್ನೆ ಬೋಳಿಸಿ ಆಗಿತ್ತು, ಬಲಗೆನ್ನೆಯ ನೊರೆ ಒಣಗಿ ಬಿಗಿಯುತ್ತಿತ್ತು, ರೇಜರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಅಲ್ಲಾ, ಕಟ್ಟಡಗಳ ನಕ್ಷೆ ಬರೆಯುವುದರಲ್ಲೇ ತಲೆ ನರೆತ ಮನುಷ್ಯ, ಎಂಥೆಂಥ ಮೀಟಿಂಗುಗಳಲ್ಲಿ ಎಂಥೆಂಥ ದೊಡ್ಡ ಬಾಯಿಗಳನ್ನು ಮುಚ್ಚಿಸಿದವನು, ಒಂದು ಕುರ್ಚಿಗೆ ಹೀಗೆ ಹೆದರುವುದೆಂದರೆ! ಆದರೆ ಹೆದರಿಕೆಯಾಗಿದ್ದು ನಿಜ. ಇವತ್ತು ಮಧ್ಯಸ್ಥರು ಬರುತ್ತಾರೆ. ಸೈಟಿನ ತಗಡಿನ ಆಫೀಸಿನಲ್ಲಿ ಉದ್ದನೆಯ ಮೇಜು ಹಾಕಿರುತ್ತಾರೆ. ಒಂದು ಕಡೆ ಆಸ್ಪತ್ರೆ ಕಟ್ಟಿಸುತ್ತಿರುವ ಡಾಕ್ಟರಮ್ಮ, ಇನ್ನೊಂದು ಕಡೆ ಅದನ್ನು ಕಟ್ಟುತ್ತಿರುವ ಕಂಪನಿಯ ಮ್ಯಾನೇಜರ್. ಮೊದಲಾಗಿದ್ದರೆ ಕಣ್ಣು ಕಟ್ಟಿ ಬಿಟ್ಟರೂ ಹೋಗಿ ಡಾಕ್ಟರಮ್ಮನ ಪಕ್ಕದಲ್ಲಿ ಕೂರುತ್ತಿದ್ದ. ಈಗ ಅಲ್ಲಿ ಕೂತರೆ ಮ್ಯಾನೇಜರ್ ಹುಬ್ಬೇರಿಸುತ್ತಾನೆ. ಮ್ಯಾನೇಜರ್ ಪಕ್ಕ ಕೂತರೆ ಡಾಕ್ಟರಮ್ಮ ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದನ್ನು ನೆನೆದೇ ಕೈ ನಿಂತದ್ದು. ಮೇಜಿನ ತುದಿಯಲ್ಲಿ, ಎರಡೂ ಕಡೆಗೆ ಸೇರದ ಹಾಗೆ, ಒಂದು ಸ್ಟೂಲು ಹಾಕಿಸಿಕೊಂಡರೆ ಹೇಗೆ ಎಂದು ಯೋಚಿಸಿದ. ಸ್ಟೂಲಿನ ಮೇಲೆ ಕೂತ ತನ್ನನ್ನು ಕಲ್ಪಿಸಿಕೊಂಡು ಅವನಿಗೇ ಅಸಹ್ಯವಾಯಿತು.

"ರೀ, ಒಳಗೇ ಸಂಸಾರ ಹೂಡಿದ್ರಾ?" ಎಂದು ಹೆಂಡತಿ ಬಚ್ಚಲ ಬಾಗಿಲು ತಟ್ಟಿದಳು.

ತಿಂಡಿಯ ತಟ್ಟೆ ಮುಂದಿಟ್ಟು ಅವಳು ಎದುರಿಗೇ ಕೂತಳು. ಹಾಗೆ ಕೂತಳೆಂದರೆ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ; ಇಲ್ಲದಿದ್ದರೆ ಬೆಳಗಿನ ಹೊತ್ತು ಅವಳು ಕೂರುವವಳೇ ಅಲ್ಲ.

"ಇವತ್ತು ನಿಮ್ಮನ್ನ ಕೇಳ್ತಾರಾ?"

"ಕೇಳ್ಬಹುದು."

"ಏನಂತ?"

"ವಾರ್ಡಿನ ಕಿಟಕಿಗಳು ತಗ್ಗಿನಲ್ಲಿರುತ್ತವೆ ಅಂತ ಡಾಕ್ಟರಮ್ಮನಿಗೆ ಮಾತು ಕೊಟ್ಟಿದ್ರಾ ಅಂತ."

"ಕೊಟ್ಟಿದ್ರಿ. ಮನೆಗೆ ಬಂದು ನನ್ನ ಹತ್ರಾನೂ ಹೇಳಿದ್ರಿ. ಹೌದು ಅನ್ನೋಕೆ ಅದರಲ್ಲೇನಿದೆ?"

"ಅಷ್ಟು ಸುಲಭ ಅಲ್ಲ ಕಣೇ. ನಾನೀಗ ಡಾಕ್ಟರಮ್ಮನ ಕಡೆಯವನಲ್ಲ. ಕಂಪನಿ ಕಡೆಯವನು."

"ನೀವೇನು ಮದುವೆಯಾಗಿ ಹೋದ ಹೆಣ್ಣುಮಗಳಾ, ಮನೆ ಬದಲಾಯಿಸೋಕೆ?"

ಅವನು ನಕ್ಕ. ಅವಳು ನಗಲಿಲ್ಲ. ಲೋಟಕ್ಕೆ ನೀರು ಬಗ್ಗಿಸುತ್ತ, ಅವನ ಮುಖ ನೋಡದೆ, "ಒಂದ್ಸಲ ಅಕ್ಕನ್ನ ನೆನೆಸ್ಕೊಂಡು ಮಾತಾಡಿ. ಅಷ್ಟು ಸಾಕು," ಎಂದಳು.

ಅಕ್ಕ ಎಂದರೆ ಅವನ ಒಡಹುಟ್ಟಿದ ಅಕ್ಕ. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಇದೇ ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಮಲಗಿದ್ದು, ಅಲ್ಲೇ ಕಣ್ಣು ಮುಚ್ಚಿದವಳು. ಅವಳ ಮೈ ಒರೆಸಿ, ಮಗ್ಗುಲು ಬದಲಿಸಿ, ತಲೆ ಬಾಚಿದ್ದೆಲ್ಲ ಈ ಹೆಂಡತಿ. ಮನೆಗೆ ಬಂದು ನೋಡುತ್ತಿದ್ದವರು ಡಾಕ್ಟರಮ್ಮ. ಅವನು? ಅವನು ಸಂಜೆ ಬಂದು ಬಾಗಿಲಲ್ಲಿ ನಿಂತು "ಹೇಗಿದ್ದೀಯಕ್ಕಾ?" ಎನ್ನುತ್ತಿದ್ದ. ಆ ಕೋಣೆಯ ಕಿಟಕಿ ನಿಂತವರ ಎದೆಯ ಮಟ್ಟದಲ್ಲಿತ್ತು. ಮಲಗಿದವಳ ಕಣ್ಣಿಗೆ ಒಂದು ತುಂಡು ಆಕಾಶ, ಒಂದು ಕರೆಂಟ್ ತಂತಿ ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ. "ಕಾಗೆ ಬಂತು, ಕಾಗೆ ಹೋಯ್ತು. ಇಷ್ಟೇ ಕಣೋ ನನ್ನ ನ್ಯೂಸ್ ಪೇಪರು," ಎಂದು ಅವಳೇ ನಗುತ್ತಿದ್ದಳು. ಊರಿಗೆಲ್ಲ ಗಾಳಿ ಬೆಳಕಿನ ಪಾಠ ಹೇಳುವವನ ಸ್ವಂತ ಮನೆ ಅದು, ಅವನೇ ನಕ್ಷೆ ಬರೆದದ್ದು. ಗೋಡೆ ಒಡೆಸಿ ಕಿಟಕಿ ಇಳಿಸೋಣ ಎಂದು ಹೆಂಡತಿ ಎಷ್ಟು ಸಲ ಹೇಳಿದಳೋ. ಧೂಳಾಗುತ್ತೆ, ಅಕ್ಕನಿಗೆ ಕೆಮ್ಮು ಬರುತ್ತೆ, ಮಳೆ ಕಳೆಯಲಿ, ಒಳ್ಳೆ ಮೇಸ್ತ್ರಿ ಸಿಗಲಿ. ಹೀಗೆ ಹೇಳುತ್ತ ಹೇಳುತ್ತ ಒಂದು ದಿನ ಇಳಿಸುವ ಅಗತ್ಯವೇ ಇಲ್ಲದಂತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಸುಮ್ಮನೆ ಅಂದರೇ?

ಮದುವೆಯಾಗಿ ಹೋದ ಹೆಣ್ಣುಮಗಳು ಎಂದು ಅವಳು ಅಂದದ್ದು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನನ್ನು ಮತ್ತೆ ಮತ್ತೆ ಚುಚ್ಚಿತು. ಸುಳ್ಳೇನು? ಹಳೆಯ ಪದ್ಧತಿಯಲ್ಲಿ ಯಾರು ಯಾರವರು ಎಂಬುದರಲ್ಲಿ ಗೊಂದಲವಿರಲಿಲ್ಲ. ಕಟ್ಟಿಸುವವರು ನಕ್ಷೆಯವನನ್ನು ಹಿಡಿಯುತ್ತಾರೆ, ಅವನು ನಕ್ಷೆ ಬರೆಯುತ್ತಾನೆ, ಆಮೇಲೆ ಟೆಂಡರ್ ಕರೆದು ಎಲ್ಲರಿಗಿಂತ ಕಡಿಮೆಗೆ ಒಪ್ಪಿದವನಿಗೆ ಕೆಲಸ ವಹಿಸುತ್ತಾರೆ. ನಕ್ಷೆಯವನು ಕಟ್ಟಿಸುವವರ ಕಣ್ಣಾಗಿ ಕಟ್ಟುವವನನ್ನು ಕಾಯುತ್ತಾನೆ. ಜಗಳ ಇರುತ್ತಿರಲಿಲ್ಲವೇ ಎಂದರೆ, ಅಯ್ಯೋ, ದಿನ ಬೆಳಗಾದರೆ ಜಗಳ. ಡಾಕ್ಟರಮ್ಮನ ಹಳೆಯ ಆಸ್ಪತ್ರೆಯ ಚಾವಣಿ ಸೋರಿದಾಗ ಆಗಿನ ನಕ್ಷೆಯವನು "ಕೆಲಸ ಸರಿಯಿಲ್ಲ" ಅಂದನಂತೆ, ಕಟ್ಟಿದವನು "ನಕ್ಷೆಯೇ ಸರಿಯಿಲ್ಲ" ಅಂದನಂತೆ. ಅವರಿಬ್ಬರೂ ಕೋರ್ಟು ಹತ್ತಿ ಇಳಿಯುವಷ್ಟು ಕಾಲವೂ ಡಾಕ್ಟರಮ್ಮ ನೀರು ಬೀಳದ ಮೂಲೆ ಹುಡುಕಿ ರೋಗಿಗಳ ಮಂಚ ಎಳೆಯುತ್ತಿದ್ದರು. ಅದಕ್ಕೇ ಹೊಸ ಆಸ್ಪತ್ರೆಗೆ ಬೇರೆ ಪದ್ಧತಿ. ನಕ್ಷೆಯೂ ಕಟ್ಟುವುದೂ ಒಂದೇ ಕಂಪನಿಯ ಹೊಣೆ, ಒಂದೇ ಮೊತ್ತ, ಏನಾದರೂ ಒಬ್ಬರನ್ನೇ ಕೇಳಿದರಾಯಿತು. ಬೇಕುಗಳನ್ನೆಲ್ಲ ಮೊದಲೇ ಬರೆದು ಕಂಪನಿಯ ಕೈಗೆ ಕೊಡುವುದು. ಬರೆದದ್ದನ್ನೆಲ್ಲ ಕಂಪನಿ ಮಾಡಿಕೊಡುವುದು. ಈ ಉಪಾಯ ಹೇಳಿದವನು ಯಾರು? ಇವನೇ. "ಜಗಳವೇ ಇರಲ್ಲ ಡಾಕ್ಟ್ರೇ," ಎಂದಿದ್ದ. ಅಷ್ಟು ಹೊತ್ತಿಗೆ ಅರ್ಧ ನಕ್ಷೆ ಇವನೇ ಬರೆದಾಗಿತ್ತು, ಹೊಸಬರು ಬಂದರೆ ಕೆಲಸ ಹಿಂದೆ ಬೀಳುತ್ತದೆ, ಹಾಗಾಗಿ ಇವನೂ ಕಂಪನಿಗೆ ಹೋಗುವುದೆಂದಾಯಿತು. ಹಸು ಕೊಂಡವನಿಗೆ ಹಗ್ಗವೂ ಸೇರಿತು. ಮೂವರೂ ಸಹಿ ಹಾಕಿ, ಟೀ ಕುಡಿದು, ನಕ್ಕು ಎದ್ದರು. ಜಗಳ ಎಲ್ಲೂ ಹೋಗಿರಲಿಲ್ಲ. ಮೊದಲು ಇಬ್ಬರ ನಡುವೆ ಇದ್ದದ್ದು ಈಗ ಇವನೊಬ್ಬನ ಹೊಟ್ಟೆಯೊಳಗೆ ಬಂದು ಕೂತಿತ್ತು.

ಆ ಬೇಕುಗಳನ್ನು ಬರೆದವನೂ ಇವನೇ ತಾನೆ. ಬಾಗಿಲು ಎಷ್ಟು ಅಗಲ, ನೆಲ ಎಷ್ಟು ಒರಟು, ಮಂಚದ ಪಕ್ಕ ಕರೆಗಂಟೆ ಎಲ್ಲಿ ಎಂಬುದನ್ನೆಲ್ಲ ಕೂತು ಬರೆದಿದ್ದ. ಕಿಟಕಿಯ ವಿಷಯಕ್ಕೆ ಬಂದಾಗ "ವಾರ್ಡುಗಳಿಗೆ ಸಾಕಷ್ಟು ಗಾಳಿ ಬೆಳಕು" ಎಂದಷ್ಟೇ ಬರೆದು ಮುಂದೆ ಹೋಗಿದ್ದ. ಮರೆವಲ್ಲ ಅದು, ಅಭಿಮಾನ. ಅವನ ಕೆಲಸದ ರೀತಿಯೇ ಹಾಗೆ. ಕೆಲವು ಅಳತೆಗಳನ್ನು ಅವನು ಎಂದೂ ಕಾಗದಕ್ಕೆ ಕೊಟ್ಟವನಲ್ಲ. ಗೋಡೆ ಏಳುವ ಹೊತ್ತಿಗೆ ಸೈಟಿಗೆ ಹೋಗಿ, ಅಲ್ಲೇ ಕೂತು, ಅಲ್ಲೇ ಮಲಗಿ, ಕಣ್ಣಿಗೆ ಏನು ಕಾಣುತ್ತದೆಂದು ನೋಡಿ, ಇಲ್ಲಿಗೆ ನಿಲ್ಲಿಸಿ ಎಂದು ಮೇಸ್ತ್ರಿಗೆ ಗೆರೆ ಎಳೆದು ತೋರಿಸುತ್ತಿದ್ದ. ಹಾಗೆ ತೋರಿಸಿದ ಗೆರೆಗಳನ್ನು ನೋಡಿಯೇ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅಕ್ಕ ಹೋದ ಮೇಲೆ ಒಂದು ದಿನ, ಬರಿಯ ಹುಲ್ಲು ಬೆಳೆದಿದ್ದ ಜಾಗದಲ್ಲಿ ನಿಂತು ಡಾಕ್ಟರಮ್ಮ, "ನಮ್ಮಲ್ಲಿ ಬರೋರು ಎದ್ದು ಓಡಾಡೋರಲ್ಲ. ಕಿಟಕಿ ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ," ಎಂದರು. "ಮಲಗಿದವರ ಕಣ್ಣಿಗೆ ನೆಲ ಕಾಣ್ಬೇಕು, ಓಡಾಡೋ ಜನ ಕಾಣ್ಬೇಕು. ಅದು ನನಗೆ ಬಿಡಿ ಡಾಕ್ಟ್ರೇ," ಎಂದ. ಬಿಟ್ಟರು. ಅವನು ಅದನ್ನು ತಲೆಯಲ್ಲಿಟ್ಟುಕೊಂಡ. ಆ ತಲೆ ಮುಂದೆ ಕಂಪನಿಯದಾಯಿತು.

ಸೈಟಿನ ಗೇಟಿನಲ್ಲಿ ಕಾವಲಿನವನು "ನಮಸ್ಕಾರ ಡ್ರಾಯಿಂಗ್ ಸಾರ್" ಎಂದ. ಮೀಟಿಂಗಿಗೆ ಇನ್ನೂ ಹೊತ್ತಿತ್ತು. ಅವನು ಆಫೀಸಿನ ಕಡೆ ಹೋಗದೆ ಕೆಳಮಹಡಿಯ ವಾರ್ಡಿನೊಳಕ್ಕೆ ಹೋದ. ಹೋಗಬಾರದಿತ್ತು. ಗಾರೆಯ ತಣ್ಣನೆಯ ವಾಸನೆ, ಕಾಲ ಕೆಳಗೆ ಮರಳು. ಗೋಡೆಗಳೆಲ್ಲ ಕಾರ್ಖಾನೆಯಲ್ಲೇ ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ನಿಲ್ಲಿಸಿದವು. ಕಿಟಕಿಯ ಕಂಡಿ ಎರಕದಲ್ಲೇ ಬಂದುಬಿಟ್ಟಿರುತ್ತದೆ. ಇಲ್ಲಿಗೆ ನಿಲ್ಲಿಸಿ ಎಂದು ಗೆರೆ ಎಳೆಯಲು ಯಾವ ಮೇಸ್ತ್ರಿಯೂ ಕಾದು ನಿಂತಿರುವುದಿಲ್ಲ. ಸಾಲಾಗಿ ಎಲ್ಲ ಕಿಟಕಿಗಳೂ ನಿಂತವರ ಎದೆಯ ಮಟ್ಟದಲ್ಲಿದ್ದವು. ಕಾರ್ಖಾನೆಯವರು ತಯಾರಿಸಿದ ಈ ಗೋಡೆಗಳ ಅಳತೆಯ ಹಾಳೆ ಎರಕಕ್ಕೆ ಹೋಗುವ ಮೊದಲು ಅವನ ಮೇಜಿಗೂ ಬಂದಿತ್ತು. ಪೆನ್ನು ಕಿಟಕಿಯ ಹತ್ತಿರ ನಿಂತಿತ್ತು. ಎದುರಿಗೆ ಮ್ಯಾನೇಜರ್ ಕೂತು ಮಗಳ ಶಾಲೆಯ ಕಥೆ ಹೇಳುತ್ತಿದ್ದ. "ಇದು ಸ್ವಲ್ಪ ಎತ್ತರ ಆಯ್ತಲ್ವಾ?" ಎಂದು ಇವನು ಕೇಳಿದ್ದೂ ಹೌದು, ಕಿವಿಗೆ ಬಿದ್ದೂ ಬೀಳದ ಹಾಗೆ. "ಬರೆದಿದ್ಯಾ ಸಾರ್ ಎಲ್ಲಾದ್ರೂ?" ಎಂದ ಮ್ಯಾನೇಜರ್. ಬರೆದಿರಲಿಲ್ಲ. ಮುಂದೆ ಮಾತಾಡಿದರಾಯಿತು ಎಂದುಕೊಂಡು ಸಹಿ ಹಾಕಿದ. ಮಗಳ ಶಾಲೆಯ ಕಥೆ ನಿಂತಿರಲೇ ಇಲ್ಲ.

ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲ ಚೌಕಟ್ಟನ್ನು ಬೆರಳಗಿಣ್ಣಿನಿಂದ ಟಕ್ ಟಕ್ ಎಂದು ತಟ್ಟಿದರು. ಅದು ಅವನದೇ ಅಭ್ಯಾಸ. ಹಿಂದೆ, ಡಾಕ್ಟರಮ್ಮನ ಕಡೆಯವನಾಗಿದ್ದಾಗ, ಪ್ರತಿ ಚೌಕಟ್ಟನ್ನೂ ಹಾಗೆ ತಟ್ಟಿ ನೋಡದೆ ಅವನು ಮುಂದೆ ಹೋಗುತ್ತಿರಲಿಲ್ಲ. ಕಂಪನಿಗೆ ಬಂದ ಮೇಲೆ ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಇದೇ ಮೊದಲೇನಲ್ಲ. ಕೆಲವು ವಾರಗಳಿಂದ ಈ ಕಟ್ಟಡದಲ್ಲಿ ತನಗಿಂತ ಒಂದು ಕೋಣೆ ಮುಂದೆ ಯಾರೋ ನಡೆಯುತ್ತಿದ್ದಾರೆಂದು ಅವನಿಗೆ ಅನ್ನಿಸುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ಒಂದು ಸಲ ಬೆನ್ನು ಕಂಡಿತ್ತು, ತುಸು ಬಾಗಿದ ಬೆನ್ನು, ಕಂಕುಳಲ್ಲಿ ನಕ್ಷೆಯ ಸುರುಳಿ. ಕೂಗಿ ಕರೆಯೋಣವೆಂದರೆ ಏನೆಂದು ಕರೆಯುವುದು? ಸ್ವಂತ ಹೆಸರು ಹಿಡಿದು ಕರೆದು, ಅವನೇನಾದರೂ ತಿರುಗಿ ನೋಡಿಬಿಟ್ಟರೆ? ಈಗಲೂ ಹೋಗಿ ನೋಡಿದ. ಯಾರೂ ಇರಲಿಲ್ಲ. ಅಳತೆ ನೋಡಲೆಂದು ತಂದಿಟ್ಟಿದ್ದ ಒಂದೇ ಒಂದು ಕಬ್ಬಿಣದ ಮಂಚ ಗೋಡೆಯ ಪಕ್ಕದಲ್ಲಿತ್ತು, ಅದರ ಮೇಲೆ ಧೂಳು ಬೀಳದಿರಲೆಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಕಿಟಕಿಯಿಂದ ಬಂದ ಗಾಳಿಗೆ ಹಾಳೆ ಉಬ್ಬುತ್ತಿತ್ತು, ತಗ್ಗುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಅವನು ನಿಂತಲ್ಲೇ ನಿಂತ. ಹೊದಿಕೆ ತೆಗೆದು ನೋಡಿದರೆ ಬರಿಯ ಮಂಚ ಎಂದು ಬುದ್ಧಿಗೆ ಗೊತ್ತು, ಕೈಗೆ ಗೊತ್ತಿಲ್ಲ. "ಕಾಗೆ ಬಂತೇನೋ?" ಎಂದು ಕೇಳಿದಂತಾಯಿತು. ಬೈಗುಳವಲ್ಲ, ಆಪಾದನೆಯಲ್ಲ, ಅಕ್ಕನ ಎಂದಿನ ತಮಾಷೆಯ ದನಿಯೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಇಲ್ಲಿದ್ದೀರಾ ಸಾರ್! ಊರೆಲ್ಲ ಹುಡುಕ್ದೆ," ಎನ್ನುತ್ತ ಮ್ಯಾನೇಜರ್ ಒಳಗೆ ಬಂದ. ಕೈಯಲ್ಲಿ ನೀರಿನ ಬಾಟಲಿಯಿತ್ತು, ಇವನಿಗೆಂದೇ ತಂದದ್ದು. ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಕೆಟ್ಟವನಲ್ಲ. ಇವನ ಮಂಡಿನೋವಿಗೆ ಔಷಧಿ ತರಿಸಿಕೊಟ್ಟವನು, ಕೂಲಿಯವರಿಗೆ ನೆರಳು ಕಟ್ಟಿಸಿದವನು.

"ಸಾರ್, ಒಂದು ಮಾತು. ಮಧ್ಯಸ್ಥರು ಕೇಳಿದ್ರೆ ನೆನಪಿಲ್ಲ ಅಂದ್ಬಿಡಿ. ಸುಳ್ಳು ಹೇಳಿ ಅಂತಿಲ್ಲ ನಾನು. ನೆನಪಿಲ್ಲ ಅಂದ್ರೆ ಸುಳ್ಳಲ್ಲ. ನನಗೆ ನಿನ್ನೆ ಏನು ತಿಂದೆ ಅಂತಾನೇ ನೆನಪಿರಲ್ಲ."

"ಅವರು ಕೇಳ್ತಿರೋದು ನ್ಯಾಯವಾಗೇ ಇದೆಯಲ್ಲ?"

"ನ್ಯಾಯ ಇದೆ ಸಾರ್. ಯಾರು ಇಲ್ಲ ಅಂದ್ರು? ಬರೆದಿದ್ರೆ ನಾನು ಹಲ್ಲು ಕಚ್ಚಿ ಮಾಡ್ಕೊಡ್ತಿದ್ದೆ. ಬರೆದಿಲ್ಲ. ಈಗ ಅಚ್ಚು ಬದಲಾಯಿಸ್ಬೇಕು, ಮಂಚದ ಹಿಂದಿನ ಪೈಪು, ವೈರು ಎಲ್ಲ ಎತ್ತಿ ಬೇರೆ ಕಡೆ ಹಾಕ್ಬೇಕು. ಮೊತ್ತ ಒಂದೇ ಅಂತ ಅವರೇ ಕಟ್ಟಿಹಾಕಿದ್ದಾರಲ್ಲ? ನಷ್ಟ ಆದ್ರೆ ಮೇಲಿನೋರು ನನ್ನ ಕೇಳ್ತಾರೆ, ನಾನು ಯಾರನ್ನ ಕೇಳ್ಲಿ? ನಿಮ್ಮನ್ನೇ ಕೇಳ್ಬೇಕಾಗುತ್ತೆ. ಬರೀಬೇಕಾಗಿದ್ದೋರು ನೀವು." ಆಮೇಲೆ ತಾನೇ ನಾಚಿಕೊಂಡವನಂತೆ ಇವನ ತೋಳು ಮುಟ್ಟಿ, "ಅಲ್ಲೀವರೆಗೂ ಹೋಗೋದು ಬೇಡ ಅಂತ ನನ್ನಾಸೆ," ಎಂದ.

ಅತ್ತ ದರಿ, ಇತ್ತ ಪುಲಿ. ಹೌದು ಎಂದರೆ, ಇಷ್ಟು ದೊಡ್ಡ ಸಂಗತಿಯನ್ನು ಬರೆಯದೆ ಬಿಟ್ಟ ಬೇಜವಾಬ್ದಾರಿ ಮನುಷ್ಯ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಕಂಪನಿ ಅವನ ಮೇಲೇ ಬೀಳುತ್ತದೆ, ಇನ್ನು ಯಾರೂ ನಕ್ಷೆ ಬರೆಸಲು ಬಾಗಿಲು ತಟ್ಟುವುದಿಲ್ಲ. ಇಲ್ಲ ಎಂದರೆ ಡಾಕ್ಟರಮ್ಮ ಸುಳ್ಳುಗಾರರಾಗುತ್ತಾರೆ. ತಗಡಿನ ಆಫೀಸಿನ ಕಡೆ ನಡೆಯುವಾಗ ಅವನು ನಿಶ್ಚಯಿಸಿಬಿಟ್ಟ. ಹೇಳುತ್ತೇನೆ. ಕೇಳಿದ ಕೂಡಲೇ "ಹೌದು, ನಾನೇ ಹೇಳಿದ್ದೆ" ಎಂದುಬಿಡುತ್ತೇನೆ, ಆದದ್ದಾಗಲಿ. ಹೆಜ್ಜೆ ಹಗುರವಾಯಿತು. ಬಾಗಿಲು ತೆರೆಯುವ ಹೊತ್ತಿಗೆ ಮತ್ತೆ ಭಾರವಾಗಿತ್ತು.

ಕುರ್ಚಿಯ ಪ್ರಶ್ನೆ ಅವನು ಬಾಯಿ ಬಿಡುವ ಮೊದಲೇ ಬಗೆಹರಿಯಿತು. "ಬನ್ನಿ ಸಾರ್, ನಿಮ್ಮ ಜಾಗ ಇಲ್ಲಿದೆ," ಎಂದು ಮ್ಯಾನೇಜರ್ ತನ್ನ ಪಕ್ಕದ ಕುರ್ಚಿ ಎಳೆದ. ಕೂತ. ಎದುರಿಗೆ ಡಾಕ್ಟರಮ್ಮ, ಎಂದಿನ ಹಾಗೆ ನೂಲಿನ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ. "ಮಂಡಿ ಹೇಗಿದೆ ಈಗ?" ಎಂದು ಕೇಳಿದರು. "ಪರವಾಗಿಲ್ಲ ಡಾಕ್ಟ್ರೇ," ಎಂದ. ಅಷ್ಟು ಹೇಳಿದ್ದಕ್ಕೇ ಯಾರಾದರೂ ತಪ್ಪು ತಿಳಿದಾರೆಂದು ಪಕ್ಕಕ್ಕೆ ನೋಡಿದ. ಮಧ್ಯಸ್ಥರು ನಿವೃತ್ತ ಎಂಜಿನಿಯರ್, ವಯಸ್ಸಾದವರು, ನೆಗಡಿಯಾಗಿತ್ತು. ಮಾತಿಗೊಮ್ಮೆ ಕರವಸ್ತ್ರ ತೆಗೆಯುತ್ತಿದ್ದರು. "ನೋಡಿ, ನಾನು ಕೋರ್ಟಲ್ಲ," ಎಂದು ಶುರು ಮಾಡಿದರು. "ನಾನು ಒಂದು ಮಾತು ಹೇಳ್ತೀನಿ, ಅದರಂತೆ ನಡೀತೀವಿ ಅಂತ ಇಬ್ಬರೂ ಒಪ್ಪಿದ್ದೀರಿ. ಕೆಳಗಿನ ಮಹಡಿ ಎದ್ದಾಗಿದೆ, ಅದನ್ನ ಯಾರೂ ಕೆಡವೋದು ಬೇಡ. ಮೇಲಿನ ಮಹಡಿಗಳ ಗೋಡೆ ಇನ್ನೂ ಎರಕ ಆಗಿಲ್ಲ. ಕಿಟಕಿ ತಗ್ಗಿರುತ್ತೆ ಅಂತ ಮೊದಲೇ ಮಾತಾಗಿತ್ತು ಅಂತ ಗೊತ್ತಾದ್ರೆ, ಅವನ್ನಾದ್ರೂ ಇಳಿಸಿ ಅಂತ ನಾನು ಹೇಳಬಹುದು. ಗೊತ್ತಾಗದಿದ್ರೆ ಹೇಳೋಕಾಗಲ್ಲ. ಇಷ್ಟೇ ವಿಷಯ."

ಮ್ಯಾನೇಜರ್ ತನ್ನ ಮಾತು ಹೇಳಿದ. ಬರೆದದ್ದರಲ್ಲಿ ಒಂದಕ್ಷರವನ್ನೂ ಬಿಟ್ಟಿಲ್ಲ, ಬರೆಯದ್ದನ್ನು ಕನಸಿನಲ್ಲಿ ಕಂಡು ಕಟ್ಟಲಾಗುವುದಿಲ್ಲ. ಡಾಕ್ಟರಮ್ಮ ತಮ್ಮ ಮಾತು ಹೇಳಿದರು. ಅಲ್ಲಿ ಮಲಗುವವರ ಬಗ್ಗೆ ಹೇಳಿದರು, ಮೇಲಕ್ಕೆ ನೋಡಿ ನೋಡಿ ಮನುಷ್ಯ ಹೇಗೆ ಮಾತು ಬಿಡುತ್ತಾನೆಂಬುದನ್ನು ಹೇಳಿದರು. ಆಸ್ಪತ್ರೆಯ ನೆಲದ ಬಗ್ಗೆ ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದರು. ಅವನಿಗೆ ಹಿಂದಿನ ಕೋಣೆಯ ತಂತಿ ಕಂಡಿತು, ಅದರ ಮೇಲೆ ಕಾಗೆ. ಕಡೆಕಡೆಗೆ ಅಕ್ಕ ನ್ಯೂಸ್ ಪೇಪರಿನ ತಮಾಷೆಯನ್ನೂ ಬಿಟ್ಟಿದ್ದಳು. ಬಾಗಿಲಲ್ಲಿ ನಿಂತು ಹೇಗಿದ್ದೀಯಕ್ಕಾ ಎಂದರೆ ಕಣ್ಣು ತಿರುಗಿಸುತ್ತಿದ್ದಳು, ಅಷ್ಟೆ. ಹೋಗುತ್ತ ಹೋಗುತ್ತ ಬಾಗಿಲ ತನಕ ಹೋಗುವುದನ್ನೂ ಅವನು ಕಡಿಮೆ ಮಾಡಿದ್ದ.

"ಕಿಟಕಿ ತಗ್ಗಿನಲ್ಲಿರುತ್ತೆ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ ಡಾಕ್ಟ್ರೇ?" ಎಂದು ಮಧ್ಯಸ್ಥರು ಕೇಳಿದರು.

ಅವನ ಕೈ ತಾನಾಗಿ ಮೇಲೆದ್ದು ಅಂಗಿಯ ಕಾಲರನ್ನು ಸರಿಪಡಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾಕ್ಟರಮ್ಮ ಕನ್ನಡಕ ಮೇಲಕ್ಕೆ ತಳ್ಳಿ, ಮೇಜಿನಾಚೆಯಿಂದ ಅವನನ್ನು ನೋಡಿದರು. ಅವಸರವಿಲ್ಲದ ನೋಟ, ನಾಡಿ ಹಿಡಿದು ಗಡಿಯಾರ ನೋಡುವಾಗಿನ ನೋಟ. ಆಮೇಲೆ ಮಧ್ಯಸ್ಥರ ಕಡೆ ತಿರುಗಿದರು.

"ಇಲ್ಲ. ಯಾರೂ ಹೇಳಿರಲಿಲ್ಲ. ನಾನೇ ಹಾಗೆ ಅಂದ್ಕೊಂಡಿದ್ದೆ."

ಮ್ಯಾನೇಜರನ ಉಸಿರು ಹೊರಬಂದದ್ದು ಕೇಳಿಸಿತು. ಇವನಿಗೆ ಏನಾಯಿತು? ಹೇಳಲೇ ನಾಚಿಕೆ. ಮೊದಲು ಹೊಟ್ಟೆ ಸಡಿಲವಾಯಿತು, ಆಮೇಲೆ ಭುಜ, ಆಮೇಲೆ ಬೆಳಗಿನಿಂದ ಬಿಗಿದಿದ್ದ ದವಡೆ. ಬಿಸಿಲಿನಿಂದ ನೆರಳಿಗೆ ಬಂದ ಹಾಗೆ ಮೈಯೆಲ್ಲ ತಂಪಾಯಿತು. ಹಸಿವೂ ಆಯಿತು, ಅಯ್ಯೋ ದೇವರೇ, ಆ ಹೊತ್ತಿನಲ್ಲಿ ಹಸಿವು! ಮಧ್ಯಸ್ಥರು ಕರವಸ್ತ್ರ ಮಡಿಸಿ ಜೇಬಿಗಿಟ್ಟು, ಇವನ ಕಡೆ ನೋಡಿ, "ನೀವು ಏನಾದ್ರೂ ಹೇಳೋದಿದೆಯಾ? ನಕ್ಷೆ ನಿಮ್ಮದೇ ಅಲ್ವಾ?" ಎಂದರು. ಏರ್ ಕೂಲರಿನ ಸದ್ದು ಮಾತ್ರ. ತಗಡಿನ ಗೋಡೆಯಾಚೆ ಯಾರೋ ಟಕ್ ಟಕ್ ಎಂದು ತಟ್ಟುತ್ತಿದ್ದರು, ಅಥವಾ ತಟ್ಟುತ್ತಿರಲಿಲ್ಲ. ಬಾಯಿ ತೆರೆದ. ಹೌದು ಎಂಬ ಮಾತು ನಾಲಿಗೆಯ ಬುಡದಲ್ಲೇ ಇತ್ತು. ಇತ್ತೆಂದೇ ಅವನು ಮುಂದೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಳ್ಳಲಿದ್ದ.

"ಏನಿಲ್ಲ ಸಾರ್," ಎಂದ.

ಅಲ್ಲಿಗೆ ಮುಗಿಯಿತು. ಮಧ್ಯಸ್ಥರು ಏನೋ ಬರೆದುಕೊಂಡರು, ಬಿಸ್ಕತ್ತು ಬಂತು, ಟೀ ಬಂತು. ಮ್ಯಾನೇಜರ್ ಮೇಜಿನ ಕೆಳಗೆ ಇವನ ಮಂಡಿಯನ್ನು, ನೋವಿಲ್ಲದ ಮಂಡಿಯನ್ನೇ ಹುಡುಕಿ, ಮೆಲ್ಲಗೆ ಒತ್ತಿದ. ಇವನು ಬಿಸ್ಕತ್ತು ತಿಂದ. ಎರಡನೆಯದನ್ನೂ ತಿಂದ.

ಡಾಕ್ಟರಮ್ಮ ಹೊರಗೆ ಜಲ್ಲಿಯ ರಾಶಿಯ ಪಕ್ಕ ಕಾರಿಗಾಗಿ ಕಾಯುತ್ತಿದ್ದರು. ಅವರು ಹೋಗುವ ತನಕ ಒಳಗೇ ಇರೋಣವೆಂದು ಅವನು ಸಾಕಷ್ಟು ತಡಮಾಡಿ ಹೊರಬಂದಿದ್ದ. ಕಾರು ಇನ್ನೂ ಬಂದಿರಲಿಲ್ಲ. ನೋಡಿಯೂ ನೋಡದ ಹಾಗೆ ಹೋಗುವಷ್ಟು ಅಗಲ ಆ ದಾರಿಗಿರಲಿಲ್ಲ. ಹತ್ತಿರ ಹೋಗಿ ನಿಂತ.

"ಡಾಕ್ಟ್ರೇ... ನೀವು ಹಾಗೆ ಹೇಳ್ಬಾರದಿತ್ತು."

"ಹೂಂ."

"ನನ್ನ ಕೇಳಿದ್ರೆ ನಾನು ಹೌದು ಅಂತಾನೇ ಹೇಳ್ತಿದ್ದೆ. ತೀರ್ಮಾನ ಮಾಡ್ಕೊಂಡೇ ಬಂದಿದ್ದೆ. ನನ್ನನ್ನ ಉಳಿಸೋಕೆ ನೀವು ಸುಳ್ಳು ಹೇಳೋ ಹಾಗಾಯ್ತು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಕನ್ನಡಕವಿಲ್ಲದ ಕಣ್ಣು ಚಿಕ್ಕದಾಗಿ, ದಣಿದು ಕಂಡಿತು.

"ಉಳಿಸೋಕಲ್ಲ," ಎಂದರು. "ನಿಮ್ಮ ಹೆಸರು ನಾನೇ ಹೇಳಿದ್ರೆ ನಿಮ್ಮನ್ನ ಹಿಡಿದು ಹೇಳಿಸಿದ ಹಾಗಾಗ್ತಿತ್ತು. ನಿಮ್ಮ ಅನ್ನಕ್ಕೆ ನಾನು ಕೈ ಹಾಕಿದ ಹಾಗಾಗ್ತಿತ್ತು. ಅದು ಬೇಡ ಅನ್ನಿಸ್ತು. ನಾನು ಇಲ್ಲ ಅಂದ್ರೆ, ನೀವು 'ಇಲ್ಲ, ಅವರು ಸುಳ್ಳು ಹೇಳ್ತಿದ್ದಾರೆ, ನಾನು ಮಾತು ಕೊಟ್ಟಿದ್ದೆ' ಅಂತೀರಿ ಅಂದ್ಕೊಂಡೆ. ನೀವಾಗೇ." ಕನ್ನಡಕ ಹಾಕಿಕೊಂಡರು. "ಅವರು ಕೇಳಿದ್ರಲ್ಲ ನಿಮ್ಮನ್ನ."

ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಇನ್ನೂ ಹೊತ್ತು ಮೀರಿಲ್ಲ ಡಾಕ್ಟ್ರೇ, ಅವರು ಒಳಗೇ ಇದ್ದಾರೆ," ಎಂದ. ನಿಜವೇ. ತಗಡಿನ ಬಾಗಿಲು ತೆರೆದೇ ಇತ್ತು, ಮಧ್ಯಸ್ಥರು ಸೀನಿದ್ದು ಇಲ್ಲಿಗೆ ಕೇಳಿಸಿತು. ಡಾಕ್ಟರಮ್ಮ ಬಾಗಿಲ ಕಡೆ ನೋಡಿದರು, ಅವನ ಕಡೆ ನೋಡಿದರು, ಕಾದರು. ಅವನು ಜಲ್ಲಿಯ ಮೇಲೆ ನಿಂತೇ ಇದ್ದ. ಕಾರು ಬಂತು. ಅವರು ಹತ್ತಿ ಕೂತು, ಗಾಜು ಇಳಿಸಿ, "ಮಂಡಿಗೆ ಬಿಸಿನೀರಿನ ಶಾಖ ಕೊಡಿ, ಬಿಡಬೇಡಿ," ಎಂದರು. ವ್ಯಂಗ್ಯವೇನೋ ಎಂದು ಅವನು ಅವರ ಮುಖ ಹುಡುಕಿದ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಮಂಡಿಯ ಬಗ್ಗೆಯೇ ಹೇಳಿದ್ದರು. ಕಾರು ಗೇಟು ದಾಟಿದ ಮೇಲೆ ಮಧ್ಯಸ್ಥರೂ ಹೊರಬಂದು, ಇವನಿಗೆ ಕೈ ಮುಗಿದು, ತಮ್ಮ ಸ್ಕೂಟರ್ ಹತ್ತಿ ಹೋದರು. ಅವನು ಅವರಿಗೂ ಕೈ ಮುಗಿದ.

ಮನೆಗೆ ನಡೆದೇ ಬಂದ. ಬಸ್ಸುಗಳು ಬಂದವು, ಹೋದವು. ಕೈ ಅಡ್ಡ ಹಾಕಲು ತೋಚಲಿಲ್ಲ. ನಡೆಯುವಾಗ ಮುಂದೆ ಯಾರೂ ಇರಲಿಲ್ಲ. ಬಾಗಿದ ಬೆನ್ನಿಗಾಗಿ, ಕಂಕುಳಿನ ಸುರುಳಿಗಾಗಿ ಅವನ ಕಣ್ಣು ತಾನಾಗಿ ಹುಡುಕಿತು. ದಾರಿಯುದ್ದಕ್ಕೂ ಬೇರೆಯವರದೇ ಬೆನ್ನುಗಳು. ಇಷ್ಟು ದಿನ ಹೆದರಿಸಿದವನು ಇಲ್ಲವಾದದ್ದಕ್ಕೆ ಅವನಿಗೆ ಅಳು ಬಂತು.

ಹೆಂಡತಿ ಒಣಗಿದ ಬಟ್ಟೆಗಳನ್ನು ತಂದು ಮಂಚದ ಮೇಲೆ ಸುರಿದುಕೊಂಡು ಮಡಿಸುತ್ತಿದ್ದಳು. ಸಂಜೆಯ ಬಿಸಿಲು ನಡುಮನೆಯ ನೆಲದ ಮೇಲೆ ಬಿದ್ದಿತ್ತು. ಅವನು ಚಪ್ಪಲಿ ಬಿಡುವುದನ್ನೇ ನೋಡುತ್ತ, ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು, "ಕೇಳಿದ್ರಾ?" ಎಂದಳು.

"ಕೇಳಿದ್ರು."

"ಏನಂದ್ರಿ?"

ಹೇಳಿಬಿಡಬೇಕೆಂದೇ ಬಾಯಿ ತೆರೆದದ್ದು. ಈ ಮನೆಯೊಳಗೆ, ಇವಳ ಮುಂದೆ, ಕಳೆದುಕೊಳ್ಳುವಂಥದು ಏನಿತ್ತು? ಇವಳಿಗೆ ಅವನ ಎಲ್ಲ ಹುಳುಕೂ ಗೊತ್ತು. ಅವಳ ಮುಖದಲ್ಲಿ ಹೆದರಿಕೆಯಿತ್ತು, ಗಂಡನ ಬಗ್ಗೆ ಕೆಟ್ಟ ಸುದ್ದಿ ಕೇಳಲು ಸಿದ್ಧಳಾಗಿ ನಿಂತವಳ ಹೆದರಿಕೆ. ಅದನ್ನು ಅವನಿಗೆ ನೋಡಲಾಗಲಿಲ್ಲ.

"ಇದ್ದದ್ದನ್ನ ಇದ್ದ ಹಾಗೆ ಹೇಳ್ದೆ."

ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು. ಮಡಿಸದ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು. "ಬೆಳಗ್ಗಿಂದ ನನಗೆ ಜೀವ ಇರಲಿಲ್ಲ ಕಣ್ರೀ. ನಿಮ್ಮ ಮೇಲೆ ಅನುಮಾನ ಪಟ್ಟೆ. ಹೊಟ್ಟೆಗೆ ಹಾಕ್ಕೊಳ್ಳಿ," ಎಂದು ನಕ್ಕಳು, ಮತ್ತೆ ಅತ್ತಳು. "ಹಾಗಾದ್ರೆ ಕಿಟಕಿ ಇಳಿಸ್ತಾರಾ?"

"ಮೇಲಿನ ಮಹಡಿಗಳದ್ದು."

"ಎಷ್ಟು ಇಳಿಸ್ತಾರೆ?"

ಅವನು ಕೈ ಚಾಚಿ, ಅವಳು ಕೂತಿದ್ದ ಮಂಚದ ಪಕ್ಕದಲ್ಲಿ, ಹಾಸಿಗೆಯ ಮಟ್ಟಕ್ಕೆ ಸರಿಯಾಗಿ ಗಾಳಿಯಲ್ಲಿ ಅಂಗೈ ಹಿಡಿದು ತೋರಿಸಿದ. "ಇಲ್ಲಿಗೆ. ತಲೆ ಎತ್ತೋದೇ ಬೇಡ. ಗೇಟು ಕಾಣುತ್ತೆ. ಬರೋರು ಹೋಗೋರು ಎಲ್ಲ ಕಾಣ್ತಾರೆ."

ಅವಳು ಬಾಗಿ, ತಲೆಯನ್ನು ದಿಂಬಿಗೆ ತಾಗಿಸಿ, ಅವನ ಅಂಗೈಯ ಮೇಲಿಂದ ಎದುರಿನ ಖಾಲಿ ಗೋಡೆಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಗೋಡೆ ಎದ್ದ ಮೇಲೆ ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ," ಎಂದಳು. "ಅಲ್ಲಿ ಮಲಗಿ ನೋಡ್ಬೇಕು ನಾನು."

"ಹೂಂ," ಎಂದ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ.